ಎಂಟನೆಯ ಏಟು

"ಸಾವಿನ ಏಟು ಬಡೀಲಾ ಅಂದ್ರೆ ಹೆಣ ಎಲ್ಲೈತೆ ಅಂತ ಕೇಳ್ತಾನಲ್ಲ ಈ ಬೋಳಿಮಗ! ನಿನ್ನನ್ನೇ ಹೆಣ ಮಾಡ್ಲೇನ್ಲಾ?"

ಮಂಜುನಾಥ ಗೌಡ ಬಾಯಲ್ಲಿದ್ದ ಎಲೆಅಡಿಕೆಯನ್ನು ತಮಟೆ ಹಿಡಿದು ನಿಂತಿದ್ದ ಸಣ್ಣಸ್ವಾಮಿಯ ಕಾಲ ಬುಡಕ್ಕೇ ಉಗಿದ. ಅದು ಶಿರಂಗಾಲದ ಹೊರಗಿದ್ದ ಗೌಡನ ಶುಂಠಿ ಕಣ. ಒಂದು ಕಡೆ ಮಣ್ಣು ಮೆತ್ತಿದ ಶುಂಠಿಯ ರಾಶಿ, ಇನ್ನೊಂದು ಕಡೆ ಪೈಪು ಹಿಡಿದು ತೊಳೆಯುವ ಕೇರಿಯ ಹೆಂಗಸರು, ನಡುವೆ ಹೊಸ ಜಮಖಾನ ಹಾಸಿ ನಿಲ್ಲಿಸಿದ್ದ ನಾಲ್ಕು ಮೈಕು. ಕೇರಿಯ ಐದು ಜನ ತಮಟೆಯವರು ಬೆಳಗಿನಿಂದ ಅದರ ಮುಂದೆ ನಿಂತು ಮದುವೆಯದ್ದು, ಮಾರಿಯದ್ದು, ಕುಣಿತದ್ದು ಅಂತ ಒಂದೊಂದೇ ಬಡಿದು ಮುಗಿಸಿದ್ದರು. ಸಾವಿನದೊಂದು ಉಳಿದಿತ್ತು.

"ಬುದ್ಧೀ, ಸುಳ್ ಯೋಳ್ತಿಲ್ಲ ನಾನು. ಹೆಣ ಇಲ್ದೆ ಆ ಏಟು ಬಡಿಯಂಗಿಲ್ಲ. ನಮ್ಮಲ್ಲಿ ಯಾರೂ ಬಡಿದೋರಿಲ್ಲ," ಎಂದ ಸಣ್ಣಸ್ವಾಮಿ.

"ಕೇಳಿದ್ರಾ ಮೇಷ್ಟ್ರೇ ಇವ್ನ ಶಾಸ್ತ್ರಾನ? ನಿಮ್ಮೋರಿಗಿಂತ ಜಾಸ್ತಿ ಆಯ್ತು ಇವ್ರದ್ದು."

ಕುರ್ಚಿಯಲ್ಲಿ ಕೂತಿದ್ದ ಅನಂತಕೃಷ್ಣ ನಕ್ಕರು. ಮಡಿಕೇರಿಯವರು. ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಯಾವುದೋ ಕಂಪನಿ ಸೇರಿ, ಊರೂರು ಸುತ್ತಿ ಹಾಡು, ವಾದ್ಯಗಳನ್ನು ಮೈಕಿನಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು. ಕುಡಿಯುವ ನೀರನ್ನು ಮನೆಯಿಂದಲೇ ಫ್ಲಾಸ್ಕಿನಲ್ಲಿ ತಂದಿದ್ದರು. ಬೆಳಿಗ್ಗೆ ತಮಟೆಯವರಿಗೆ ಕಾಗದ ಕೊಡುವಾಗ ಅದನ್ನು ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಿದ್ದರು. ಕಲೆಯ ಮೇಲೆ ಅವರಿಗೆ ಬಹಳ ಪ್ರೀತಿ.

"ಬೈಯಬೇಡಿ ಗೌಡರೇ. ಇಂಥ ಆಚರಣೆಗಳೇ ನಮಗೆ ಬೇಕಾದದ್ದು. ಏನಪ್ಪಾ, ಇದಕ್ಕೆ ಬೇರೆ ದಾರಿ ಇಲ್ಲವೇ?"

ಶುಂಠಿ ರಾಶಿಯ ನೆರಳಲ್ಲಿ ಕೂತಿದ್ದ ಸಿದ್ದಣ್ಣ ಸೊಂಟ ಹಿಡಿದುಕೊಂಡು ಎದ್ದ. ಸಣ್ಣಸ್ವಾಮಿಯ ಅಪ್ಪ. ಎಪ್ಪತ್ತು ದಾಟಿತ್ತು. ಸುತ್ತಲ ಹಳ್ಳಿಗಳ ಅದೆಷ್ಟೋ ಹೆಣಗಳನ್ನು ಬಡಿದು ಸಾಗಿಸಿದವನು, ಈಗ ತಮಟೆ ಎತ್ತಲಾರ.

"ಐತೆ ಸಾಮಿ. ಹೊಸಬ್ರಿಗೆ ಕಲಿಸೋವಾಗ ಕಲಿಸೋನೇ ಹೆಣ ಆಗಿ ಮಲಗ್ತಾನೆ. ಬಡಿದು ಮುಗುದ್ ತಕ್ಷಣ ಅವ್ನ ತಲೆಗೆ ನೀರು ಹುಯ್ದು, ತಮಟೆ ಕೈಯಾಗಿರುವಂಗೇ, ಮಲಗಿದ್ ಜಾಗದಲ್ಲೇ ಮೂರು ಸಲ ಹೆಸರಿಡಿದು ಕರೀಬೇಕು. ಕರುದ್ರೆ ವಾಪಸ್ ಬತ್ತಾನೆ. ಇಲ್ದಿದ್ರೆ ಅಲ್ಲೇ ಉಳ್ಕತಾನೆ."

"ಹಾಗಾದರೆ ಮಲಗಪ್ಪಾ," ಎಂದರು ಮೇಷ್ಟರು, ಕುರ್ಚಿಯನ್ನು ಒಂದಿಷ್ಟು ಮುಂದೆ ಎಳೆದುಕೊಂಡು.

"ಅಪ್ಪಾ, ಬ್ಯಾಡ," ಎಂದು ಸಣ್ಣಸ್ವಾಮಿ ಅಡ್ಡ ಹೋದ.

"ಸುಮ್ಕಿರ್ಲಾ. ನಿಂಗೆ ಕಲಿಸೋವಾಗ್ಲೂ ನಾನೇ ಮಲಗಿದ್ದೆ."

ಮುದುಕ ಒದ್ದೆ ಮಣ್ಣಿನ ಮೇಲೆ ಅಂಗಾತ ಮಲಗಿ, ಕಾಲಿನ ಹೆಬ್ಬೆರಳು ಎರಡನ್ನೂ ಜೋಡಿಸಿ ಕಣ್ಣು ಮುಚ್ಚಿದ. ಸಣ್ಣಸ್ವಾಮಿ ಬಡಿದ. ಆ ಬಡಿತದಲ್ಲಿ ಏಳು ಏಟು ಬೀಳುತ್ತವೆ, ಎಂಟನೆಯದರ ಜಾಗ ಖಾಲಿ. ಅದು ಸತ್ತವನ ಏಟು, ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಆ ಖಾಲಿ ಮುಗಿಯುವ ಹೊತ್ತಿಗೆ ಎಡಗೈಯ ಸಣ್ಣ ಕಡ್ಡಿ ಚರ್ಮದ ಅಂಚಿನಲ್ಲಿ ಒಂದು ಸುತ್ತು ಗಿರಕಿ ಹೊಡೆಯುತ್ತದೆ. ಆ ಗಿರಕಿ ಇಡೀ ಸೀಮೆಯಲ್ಲಿ ಸಿದ್ದಣ್ಣನ ಮನೆಯವರನ್ನು ಬಿಟ್ಟರೆ ಯಾರಿಗೂ ಬರುತ್ತಿರಲಿಲ್ಲ.

ಮೊದಲ ಸುತ್ತಿಗೇ ಶುಂಠಿ ತೊಳೆಯುತ್ತಿದ್ದ ಹೆಂಗಸರು ಪೈಪು ಬಿಟ್ಟು ನಿಂತರು. ಬಾಯಲ್ಲಿದ್ದ ಎಲೆಅಡಿಕೆ ಥೂ ಎಂದು ಉಗಿದು ಒಬ್ಬೊಬ್ಬಳೂ ಬಗ್ಗಿ ಹಿಡಿ ಮಣ್ಣು ಎತ್ತಿಕೊಂಡಳು.

"ಕೆಲಸ ಬಿಟ್ಟೋರ್ ಯಾರ್ಲೇ?" ಗೌಡ ಕೂಗಿದ.

"ಈ ಏಟು ಕಿವಿಗ್ ಬಿದ್ ಮ್ಯಾಲೆ ಬಾಯಾಗಿರೋದ್ನ ನುಂಗಂಗಿಲ್ಲ ಬುದ್ಧಿ. ಎದ್ ನಿಂತು ಹೆಣಕ್ಕೆ ಹಿಡಿ ಮಣ್ ಹಾಕ್ಬೇಕು," ಎಂದಳು ಸಣ್ಣಸ್ವಾಮಿಯ ಹೆಂಡತಿ ರಂಗಮ್ಮ.

"ಹಾಕ್ತೀನಿ ನಿಮ್ ಕೂಲಿಗೆ ಮಣ್ಣು. ಪೈಪ್ ಹಿಡ್ಕಳ್ರೇ!"

ಮೈಕಿನ ಯಂತ್ರದ ಮುಂದೆ ಕೂತಿದ್ದ ಗೌಡನ ಮಗ ನವೀನ್ ಕಿವಿಯಿಂದ ಹೆಡ್‌ಫೋನು ತೆಗೆದ. "ಲಾರಿ ಹಾರ್ನ್ ಸೇರ್ಕೊಂಡ್ತು. ಇನ್ನೊಂದ್ ಟೇಕು."

ಇನ್ನೊಂದು ಆಯಿತು. ಅದರಲ್ಲಿ ಮುದುಕ ಕೆಮ್ಮಿದ. ಮತ್ತೊಂದು. ಹೀಗೆ ಬದುಕಿದ್ದ ಅಪ್ಪನ ಮೇಲೆ ಸಣ್ಣಸ್ವಾಮಿ ಐದು ಸಲ ಸಾವು ಬಡಿದ. ಐದನೆಯದು ಮುಗಿದದ್ದೇ ಅವನು ತಮಟೆಯನ್ನು ಕಂಕುಳಿಗೆ ಸರಿಸಿದ. ಚೊಂಬಿನ ನೀರನ್ನು ಅಪ್ಪನ ತಲೆಗೆ ಹುಯ್ದು, "ಸಿದ್ದಣ್ಣಾ!" ಎಂದು ಕೂಗಿದ.

ನವೀನ್ ಚೊಂಬಿಗೆ ಒದ್ದ. "ಕರೆಂಟ್ ಹೋಗೋದ್ರೊಳಗೆ ಕುಣಿತದ್ದು ಇನ್ನೊಂದ್ಸಲ ಬೇಕು. ನಿನ್ನ ನಾಟಕ ಆಮೇಲ್ ಆಡ್ಕೋ. ಏಳಯ್ಯಾ ಮುದ್ಕ," ಎಂದು ಬೂಟಿನ ತುದಿಯಿಂದ ಸಿದ್ದಣ್ಣನ ಪಕ್ಕೆಗೆ ತಿವಿದ.

"ಇನ್ನೆರಡು ಸಲ ಕರೀಬೇಕು..." ಅನ್ನುವಷ್ಟರಲ್ಲಿ ಸಣ್ಣಸ್ವಾಮಿಯ ಕತ್ತಿನ ಮೇಲೆ ಗೌಡನ ಕೈ ಬಿತ್ತು. ಕಣ್ಣು ಕತ್ತಲೆಗಟ್ಟಿ ಅವನು ಮಂಡಿಯೂರಿದ. ಮುದುಕ ತಾನೇ ನೆಲಕ್ಕೆ ಕೈಯೂರಿ ಎದ್ದು, ಬೆನ್ನಿನ ಕೆಸರನ್ನೂ ಒರೆಸಿಕೊಳ್ಳದೆ ಮೂಲೆಗೆ ಹೋಗಿ ಕೂತ.

ಸಂಜೆ ಇಂಗ್ಲಿಷಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ಸಣ್ಣಸ್ವಾಮಿ ಮೇಷ್ಟರನ್ನು ಕೇಳಿದ, "ಇದ್ನ ಏನ್ ಮಾಡ್ತೀರಾ ಸಾಮಿ?"

"ದಾಖಲೆಗಪ್ಪಾ. ಮುಂದೆ ನಿಮ್ಮ ಮೊಮ್ಮಕ್ಕಳು ಕೇಳಬೇಕಲ್ಲ?"

"ಯಾರ್ಗಾದ್ರೂ ಕಲಿಸ್ತೀರಾ?"

"ಛೇ ಛೇ, ಯಾರಿಗೆ ಕಲಿಸೋಣ? ಹಾಗೆಲ್ಲ ಏನೂ ಇಲ್ಲ."

ಒಬ್ಬೊಬ್ಬರಿಗೆ ಒಂದೊಂದು ಬಿರಿಯಾನಿ ಪೊಟ್ಟಣ ಸಿಕ್ಕಿತು. ಸಿದ್ದಣ್ಣ ಅದನ್ನು ಬಿಚ್ಚಲೇ ಇಲ್ಲ.

ಅವತ್ತಿನಿಂದ ಮುದುಕನಿಗೆ ಅನ್ನ ಸೇರಲಿಲ್ಲ. "ಒಂದೇ ಸಲ ಕರುದೆ ಕಣ್ಲಾ ನೀನು," ಅನ್ನುತ್ತಿದ್ದ. ಸಣ್ಣಸ್ವಾಮಿ ಗೌಡನ ಬಾಗಿಲಿಗೆ ಹೋಗಿ, ಕಣದಲ್ಲಿ ಒಂದೈದು ನಿಮಿಷ ಬಿಡಿ ಬುದ್ಧಿ, ಅಪ್ಪನನ್ನು ಆ ಜಾಗದಲ್ಲಿ ಕರೆದುಕೊಳ್ಳುತ್ತೇನೆ ಎಂದು ಕಾಲು ಹಿಡಿದ. ಮೈಕಿಟ್ಟು ಅದೇ ಕಣದಲ್ಲಿ ಐದು ಸಲ ಬಡಿಸಿದ್ದ ಗೌಡನಿಗೆ ಈಗ ಮೈಲಿಗೆ ನೆನಪಾಯಿತು. "ಹೆಣದ ತಮಟೆ ಮತ್ತೆ ನನ್ ಕಣಕ್ಕೆ ತಂದ್ರೆ ಕಾಲ್ ಮುರೀತೀನಿ," ಎಂದ. ಹತ್ತೊಂಬತ್ತನೆಯ ದಿನ ಸಿದ್ದಣ್ಣ ಸತ್ತ. ಹೊಳೆಯ ಕಡೆ, ಗೌಡನ ಹೊಲದ ಅಂಚಿನಲ್ಲಿದ್ದ ಕೇರಿಯ ಸುಡುಗಾಡಿನಲ್ಲಿ ಅವನನ್ನು ಹೂಳಿದರು. ಅಪ್ಪನನ್ನು ತಾನೇ ಕೊಂದೆ ಅನ್ನುವ ಮಾತು ಸಣ್ಣಸ್ವಾಮಿಯ ಎದೆಯಲ್ಲಿ ಕೂತಿತು. ರಂಗಮ್ಮ ಎಷ್ಟು ಬೈದರೂ ಅದು ಅಲ್ಲಿಂದ ಏಳಲಿಲ್ಲ.

ಮಾರನೆಯ ವರ್ಷ ಗೌಡನ ಮಗಳು ಕಾವ್ಯಶ್ರೀಯ ಮದುವೆ. ಕುಶಾಲನಗರದ ದೊಡ್ಡ ಕಲ್ಯಾಣಮಂಟಪ, ಹಾಸನದ ಕಡೆಯ ಗಂಡು. ಕೇರಿಯಿಂದ ಹನ್ನೊಂದು ಜನರನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದಿದ್ದು ಎಂಜಲೆಲೆ ಎತ್ತಲು, ಕೊಪ್ಪರಿಗೆ ತೊಳೆಯಲು. ತಮಟೆ ತರಬೇಡಿ ಎಂದಿದ್ದ ನವೀನ್. "ಈಗ ಬಾಯಲ್ಲಿ ಹೇಳಿದ್ರೆ ಸಾಕು, ಎಂಥ ವಾದ್ಯ ಬೇಕೋ ಫೋನೇ ಹೊಸದಾಗಿ ಮಾಡ್ಕೊಡುತ್ತೆ. ನಿಮ್ ಬೆವರು ನಾತ ಯಾರಿಗ್ ಬೇಕು?"

ಮೊದಲ ಪಂಕ್ತಿ ಎದ್ದ ಮೇಲೆ ಹನ್ನೊಂದು ಜನವೂ ಹಿಂದಿನ ಒಲೆಯ ಹತ್ತಿರ ಕೂತು ಮಿಕ್ಕಿದ್ದನ್ನು ಬಡಿಸಿಕೊಂಡರು. ಒಳಗೆ ಮುಹೂರ್ತ. ಪುರೋಹಿತರು ಗಟ್ಟಿಮೇಳ ಎಂದು ಕೂಗಿದ್ದು ಮೈಕಿನಲ್ಲಿ ಕೇಳಿತು. ನಾಗಸ್ವರ ಏರಿತು, ಅದರ ಹಿಂದೆಯೇ ನವೀನನ ಫೋನಿನ ತಮಟೆ ಶುರುವಾಯಿತು.

ಸಣ್ಣಸ್ವಾಮಿಯ ತುತ್ತು ಬಾಯಲ್ಲೇ ನಿಂತಿತು. ಏಳು ಏಟು. ಎಂಟನೆಯದು ಖಾಲಿ. ಆಮೇಲೆ ಅಂಚಿನಲ್ಲಿ ಒಂದು ಗಿರಕಿ. ತನ್ನದೇ ಕೈ. ಮುಂದಿನ ಸುತ್ತಿನಲ್ಲಿ ಯಂತ್ರ ಅದನ್ನು ಇನ್ನೂ ಜೋರು ಮಾಡಿ, ನಾಗಸ್ವರದ ಜೊತೆ ಹೆಣೆದು, ಕುಣಿಯುವ ಹಾಗೆ ಬಡಿಯಿತು. ಅಯ್ಯೋ ಅಪ್ಪಾ, ಎಂದುಕೊಂಡ ಸಣ್ಣಸ್ವಾಮಿ.

ಯಾರೂ ಯಾರಿಗೂ ಹೇಳಲಿಲ್ಲ. ಹನ್ನೊಂದು ಜನವೂ ಒಟ್ಟಿಗೆ ಎದ್ದು ನಿಂತು ಬಾಯಲ್ಲಿದ್ದ ಮದುವೆಯ ಅನ್ನವನ್ನು ಥೂ ಎಂದು ಉಗಿದರು. ರಂಗಮ್ಮ ಬಾಳೆಗಿಡದ ಬುಡದಿಂದ ಹಿಡಿ ಮಣ್ಣು ಎತ್ತಿಕೊಂಡಳು. ಕೈ ತೊಳೆಯಲು ಬಂದಿದ್ದ ಗಂಡಿನ ಕಡೆಯ ಮುದುಕಿಯೊಬ್ಬಳು ಅವರನ್ನು ನೋಡಿದಳು, ಒಳಗಿನ ಬಡಿತಕ್ಕೆ ಕಿವಿಗೊಟ್ಟಳು, ಎದೆ ಬಡಿದುಕೊಂಡಳು.

"ಅಯ್ಯಯ್ಯೋ! ಇದು ಹೆಣದ ಬಡಿತ ಕಣ್ರವ್ವಾ! ತಾಳಿ ಕಟ್ಟೋ ಹೊತ್ನಾಗೆ ಹೆಣಕ್ಕೆ ಬಡಿಸ್ತಾವ್ರೆ!"

ತಾಳಿಯನ್ನೇನೋ ಕಟ್ಟಿದರು. ಆದರೆ ಗಂಡಿನ ಕಡೆಯವರು ಎಲೆಯ ಮುಂದಿನಿಂದ ಎದ್ದುಬಿಟ್ಟರು, ಫೋನು ಹಿಡಿದು ಎಲ್ಲವನ್ನೂ ಚಿತ್ರ ತೆಗೆದರು. ಗೌಡ ಜರಿ ಪಂಚೆ ಎತ್ತಿ ಕಟ್ಟಿಕೊಂಡು ಒಲೆಯ ಕಡೆ ಓಡಿ ಬಂದು, ಉರಿಯುತ್ತಿದ್ದ ಸೌದೆಯನ್ನೇ ಎಳೆದ. ಮೊದಲ ಏಟು ಸಣ್ಣಸ್ವಾಮಿಯ ಭುಜದ ಮೇಲೆ ಬಿದ್ದು ಕಿಡಿ ಹಾರಿತು, ಅಂಗಿ ಮೈಗೆ ಅಂಟಿತು.

"ನಾನ್ ಬಡೀಲಿಲ್ಲ ಬುದ್ಧಿ! ನಿಮ್ ಮಿಸಿನ್ನು ಬಡೀತು!"

"ಮಿಸಿನ್ಗೆ ಕಲ್ಸಿದ್ ಯಾರ್ಲಾ ಸೂಳೆಮಗನೆ? ಅವತ್ ಕಣದಾಗೆ ನೀನ್ ಬಡಿದ್ಯಲ್ಲ, ಅದನ್ನ ತಿಂದೇ ಅದು ಕಲ್ತಿದ್ದು! ಬೇಕೂಂತ ಕೇಡು ಕಲ್ಸಿ ಕೊಟ್ಯಾ?"

ಸೌದೆಯ ಏಟಿಗಿಂತ ಈ ಮಾತು ಗಟ್ಟಿಯಾಗಿ ಬಿತ್ತು. ಅಪ್ಪ ಮಲಗಿದ್ದು ಒಂದು ಯಂತ್ರಕ್ಕೆ ಪಾಠ ಹೇಳಲಿಕ್ಕೆ. ಅದು ಅಪ್ಪನಿಗೂ ಗೊತ್ತಿರಲಿಲ್ಲ, ತನಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಕುರ್ಚಿಯ ಮೇಲೆ ಕೂತು ಫ್ಲಾಸ್ಕಿನ ನೀರು ಕುಡಿಯುತ್ತಿದ್ದರು.

"ಯಾರ್ಗೂ ಕಲಿಸಾಕಿಲ್ಲ ಅಂದಿದ್ರಲ್ಲ ಮೇಷ್ಟ್ರು," ಎಂದ.

ಗೌಡನ ಕಡೆಯ ಇಬ್ಬರು ಅವನನ್ನು ಒರಳಿಗೆ ಒತ್ತಿ ಹಿಡಿದರು. ನವೀನ್ ಅವನ ಎಡಗೈಯನ್ನು ಕಲ್ಲಿನ ಅಂಚಿಗಿಟ್ಟು, ಸಾರಿನ ದೊಡ್ಡ ಕಬ್ಬಿಣದ ಸೌಟಿನಿಂದ ಬಡಿದ. ಮೊದಲ ಏಟಿಗೆ ಸಣ್ಣಸ್ವಾಮಿ ಕೂಗಿದ, ಮೂರನೆಯದಕ್ಕೆ ಕೂಗು ಹೊರಡಲಿಲ್ಲ. ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ರಂಗಮ್ಮ ಹಿಡಿಯಲ್ಲಿದ್ದ ಮಣ್ಣನ್ನು ನವೀನನ ಕಣ್ಣಿಗೆ ಎರಚಿ ಸೌಟಿಗೆ ಜೋತುಬಿದ್ದಳು. ಯಾರೋ ಅವಳ ಜಡೆ ಹಿಡಿದು ಕೊಪ್ಪರಿಗೆಗೆ ಮುಖ ಗುದ್ದಿದರು. ಬಾಯಿ ಸೀಳಿತು, ಮುಂದಿನ ಹಲ್ಲೊಂದು ಪಾಯಸದ ಕೊಪ್ಪರಿಗೆಯೊಳಗೆ ಬಿತ್ತು.

ಪೊಲೀಸಿನವರ ಹತ್ತಿರ ಹೋದದ್ದು ರಂಗಮ್ಮನ ಹಟದಿಂದ. ಹೆಡ್ ಕಾನ್‌ಸ್ಟೇಬಲ್ ಪೂವಯ್ಯ ಎಲ್ಲ ಕೇಳಿಸಿಕೊಂಡು ತಲೆ ಕೆರೆದ. "ಬೆರಳು ಮುರಿದದ್ದು ಜಾರಿ ಬಿದ್ದು ಅಂತ ಗೌಡ್ರು ಆಗಲೇ ಬರ್ಸಿ ಆಯ್ತಲ್ಲ ಮಾರಾಯ್ತಿ. ಏಟು ಕದ್ರು ಅಂತೀಯ. ಏಟನ್ನ ಹೆಂಗೆ ಕದಿಯೂದು? ಮನೇಲಿ ಇತ್ತಾ, ಪೆಟ್ಟಿಗೇಲಿ ಇತ್ತಾ? ಎಂಥ ಸೆಕ್ಷನ್ ಹಾಕೂದು ನಾನು?" ಪಕ್ಕದಲ್ಲಿದ್ದವರು ನಕ್ಕರು. ಗಂಡ ಹೆಂಡತಿ ನಡೆದುಕೊಂಡೇ ವಾಪಸ್ಸಾದರು.

ತಿಂಗಳು ಕಳೆದ ಮೇಲೆ ಅನಂತಕೃಷ್ಣ ಮತ್ತೆ ಬಂದರು. ಈ ಸಲ ಮೈಕಿನ ಬದಲು ಕ್ಯಾಮೆರಾ. ಮದುವೆಯ ಚಿತ್ರ ಊರೆಲ್ಲ ಸುತ್ತಿ, ಈ ಏಟು ಯಾರದ್ದು, ಅವರನ್ನು ಕೇಳಿ ತೆಗೆದುಕೊಂಡಿರಾ ಎಂದು ದೂರದಲ್ಲಿ ಯಾರೋ ಕೇಳಿದ್ದರಂತೆ. ಕೇಳಿದವರು ದೊಡ್ಡವರು. ಕಂಪನಿಗೆ ಉತ್ತರ ಬೇಕಾಗಿತ್ತು.

ಅದೇ ಕಣ, ಅದೇ ಕುರ್ಚಿ. ಮಧ್ಯಾಹ್ನ ಊಟದ ಹೊತ್ತು. ಹೆಂಗಸರು ಶುಂಠಿ ರಾಶಿಯ ಪಕ್ಕ ಕೂತು ಬುತ್ತಿ ಬಿಚ್ಚಿದ್ದರು.

"ನೋಡಪ್ಪಾ ಸಣ್ಣಸ್ವಾಮಿ," ಮೇಷ್ಟರ ದನಿ ಬೆಣ್ಣೆಯಂತಿತ್ತು, "ನಮ್ಮದು ನೀತಿಗೆ ತಲೆಬಾಗುವ ಸಂಸ್ಥೆ. ಎಲ್ಲ ಪಾರದರ್ಶಕ. ಕಲಾವಿದನ ಒಪ್ಪಿಗೆ ಇಲ್ಲದೆ ನಾವು ಯಂತ್ರಕ್ಕೆ ಏನನ್ನೂ ಕಲಿಸುವುದಿಲ್ಲ. ಅದನ್ನೇ ನೀನು ನಿನ್ನ ಬಾಯಿಂದ ಹೇಳಬೇಕು. 'ಯಂತ್ರಕ್ಕೆ ಕಲಿಸುತ್ತೇವೆ ಅಂತ ನನಗೆ ಮೊದಲೇ ತಿಳಿಸಿದ್ದರು, ನಾನು ಸಂತೋಷದಿಂದ ಕೊಟ್ಟೆ.' ಇಷ್ಟೇ. ನಗುನಗುತ್ತಾ ಹೇಳು."

"ಆಗ ತಿಳಿಸ್ಲಿಲ್ವಲ್ಲ ಸಾಮಿ."

"ಈಗ ತಿಳಿಸಿದ್ದೇನಲ್ಲ?"

ಗೌಡ ಹೊಳೆಯ ಕಡೆ ಕೈ ತೋರಿಸಿದ. ಸುಡುಗಾಡಿನಲ್ಲಿ ಹಳದಿ ಜೆಸಿಬಿಯೊಂದು ನಿಂತಿತ್ತು. ಅದರ ಬಕೆಟ್ಟು ಸಿದ್ದಣ್ಣನ ಗುಂಡಿಯ ಮೇಲೆ ನೆಟ್ಟಿದ್ದ ಕಲ್ಲಿನ ಪಕ್ಕದಲ್ಲೇ ಇತ್ತು. "ಶುಂಠಿಗೆ ಹೊಸ ಮಣ್ ಬೇಕು ಕಣ್ಲಾ. ಆ ಜಾಗ ಉತ್ತು ಹಾಕ್ಸಣ ಅಂತಿದ್ದೀನಿ. ನೀನ್ ನೆಟ್ಟಗೆ ಮಾತಾಡುದ್ರೆ ನಿಮ್ಮಪ್ಪ ಮಲಗಿದ್ದಲ್ಲೇ ಮಲಗಿರ್ತಾನೆ. ಇಲ್ದಿದ್ರೆ ಅವ್ನ ಮೂಳೆ ಗೊಬ್ಬರದ ಜೊತೆ ಹೋಯ್ತದೆ."

ಸಣ್ಣಸ್ವಾಮಿ ಆ ಕಲ್ಲಿಗೆ ಕೈಮುಗಿದ. ಆಮೇಲೆ, "ಆಯ್ತು ಬುದ್ಧಿ. ಯೋಳ್ತೀನಿ," ಎಂದ. ಗೌಡ ಮೇಷ್ಟರಿಗೆ ಕಣ್ಣು ಹೊಡೆದ.

ಚಿತ್ರಕ್ಕೆ ಚೆಂದ ಕಾಣಲಿ ಎಂದು ಮೇಷ್ಟರೇ ತಮಟೆ ತರಿಸಿದರು, ಹುಲ್ಲು ಉರಿಸಿ ಕಾಯಿಸಲು ಹೇಳಿದರು. ಸಣ್ಣಸ್ವಾಮಿಯ ಮೂರು ಬೆರಳು ಡೊಂಕಾಗಿ ಕೂಡಿಕೊಂಡಿದ್ದವು, ಕಡ್ಡಿ ನಿಲ್ಲಲಿಲ್ಲ. ರಂಗಮ್ಮ ಸೆರಗಿನ ಅಂಚು ಹರಿದು ಸಣ್ಣ ಕಡ್ಡಿಯನ್ನು ಅವನ ಅಂಗೈಗೆ ಬಿಗಿದು ಕಟ್ಟಿದಳು. ಕಟ್ಟುವಾಗ ಗಂಡನ ಮುಖ ನೋಡಿದಳು. ಏನು ಕಂಡಳೋ, ಇನ್ನೊಂದು ಸುತ್ತು ಬಿಗಿದಳು.

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಮೇಷ್ಟರು ನಗುವಂತೆ ಸನ್ನೆ ಮಾಡಿದರು.

"ನನ್ ಹೆಸ್ರು ಸಣ್ಣಸ್ವಾಮಿ. ನಮ್ಮಪ್ಪನ ಹೆಸ್ರು ಸಿದ್ದಣ್ಣ. ನಮ್ಮಲ್ಲಿ ಸಾವಿನ ಏಟು ಕಲಿಸ್ಬೇಕಾದ್ರೆ ಕಲಿಸೋನು ಹೆಣ ಆಗಿ ಮಲಗ್ಬೇಕು. ನಮ್ಮಪ್ಪ ಇಲ್ಲೇ, ಇದೇ ಜಾಗದಲ್ಲೇ ಮಲಗ್ದ. ಯಾರ್ಗೆ ಕಲಿಸ್ತಾ ಇದ್ದೀನಿ ಅಂತ ಅವ್ನಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಕೇಳ್ದೆ. ಯಾರ್ಗೂ ಇಲ್ಲ ಅಂದ್ರು ಈ ಮೇಷ್ಟ್ರು. ಐದ್ ಸಲ ಬಡಿಸಿದ್ರು. ವಾಪಸ್ ಕರೆಯಾಕೆ ಒಂದ್ ಸಲ ಬಿಟ್ರು."

"ನಿಲ್ಲಿಸು, ನಿಲ್ಲಿಸು," ಎಂದು ಮೇಷ್ಟರು ಕುರ್ಚಿಯಿಂದ ಎದ್ದರು.

ಸಣ್ಣಸ್ವಾಮಿ ಸುಡುಗಾಡಿನ ಕಡೆ ತಿರುಗಿ, ಕುತ್ತಿಗೆಯ ನರ ಉಬ್ಬುವ ಹಾಗೆ ಕೂಗಿದ.

"ಸಿದ್ದಣ್ಣಾ! ಸಿದ್ದಣ್ಣಾ!"

ಅವತ್ತಿನದೊಂದು, ಇವತ್ತಿನವೆರಡು, ಮೂರೂ ಮುಗಿಯಿತು. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಎದೆಯಲ್ಲಿ ಕೂತಿದ್ದ ಮಾತು ಎದ್ದು ಹೋಗಿತ್ತು.

"ಹೊಡಿಯೋ ಲೇ ಜೆಸಿಬಿನ! ಹಚ್ಚು! ಅಗೆದ್ ಹಾಕು!" ಗೌಡ ಅತ್ತ ಕೂಗಿದ. ಹೊಳೆಯ ಕಡೆ ಎಂಜಿನ್ನು ಗುಡುಗಿ ಕಪ್ಪು ಹೊಗೆ ಎದ್ದಿತು.

"ಅಗೀರಿ. ಅಪ್ಪ ಎದ್ದಾಯ್ತು, ಅಲ್ಲಿಲ್ಲ ಅವ್ನು," ಎಂದ ಸಣ್ಣಸ್ವಾಮಿ. "ಮೇಷ್ಟ್ರೇ, ನಿಮ್ ಮಿಸಿನ್ನು ಅರ್ಧಂಬರ್ಧ ಕಲ್ತೈತೆ. ಯಾವಾಗ ಬಡೀಬೇಕು, ಯಾರ್ಗೆ ಬಡೀಬೇಕು ಅಂತ ಅದಕ್ಕೆ ತಿಳೀಲಿಲ್ಲ. ಇವತ್ ಪೂರಾ ಕಲಿಸ್ತೀನಿ, ಕ್ಯಾಮ್ರಾ ಹಿಡೀರಿ. ಆದ್ರೆ ಹೆಣ ಬೇಕು. ಜಾಗ ಖಾಲಿ ಐತೆ." ತಮಟೆಯನ್ನು ಎದೆಗೆ ಏರಿಸಿಕೊಂಡು ಗೌಡನ ಮುಖಕ್ಕೆ ಮುಖ ಕೊಟ್ಟು ನಿಂತ. "ಮಲಕ್ಕೋ ಗೌಡ."

ನವೀನ್ ಮುನ್ನುಗ್ಗಿ ಸಣ್ಣಸ್ವಾಮಿಯ ಸೊಂಟಕ್ಕೆ ಒದ್ದ. ಅವನು ಮಂಡಿಗೆ ಬಿದ್ದ, ತಮಟೆ ಬಿಡಲಿಲ್ಲ, ಮಂಡಿಯ ಮೇಲೆಯೇ ಬಡಿದ. ಮುರಿದ ಬೆರಳಿನ ನೋವು ಮೊಣಕೈ ದಾಟಿ ತಲೆಗೆ ಹೊಡೆಯಿತು. ಹಲ್ಲು ಕಚ್ಚಿಕೊಂಡು ಬಡಿದ. ಒಂದು. ಎರಡು. ಬುತ್ತಿಯ ಮುಂದೆ ಕೂತಿದ್ದ ಹೆಂಗಸರು ಎದ್ದರು. ಮೂರು. ಲಾರಿಗೆ ಶುಂಠಿ ಹೊರುತ್ತಿದ್ದ ಗಂಡಸರು ಮೂಟೆಗಳನ್ನು ಹೆಗಲಿನಿಂದ ಕೆಳಕ್ಕೆ ಬಿಟ್ಟರು. ನಾಲ್ಕು. ಥೂ, ಥೂ ಎಂದು ಕಣದ ಸುತ್ತ ತುತ್ತು ಉಗಿಯುವ ಸದ್ದಾಯಿತು. ನವೀನ್ ಎರಡನೆಯ ಸಲ ಎತ್ತಿದ ಕಾಲನ್ನು ಯಾರೋ ಹಿಂದಿನಿಂದ ಹಿಡಿದು ಎಳೆದರು, ಅವನು ಕೆಸರಿಗೆ ಮುಖ ಅಡಿಯಾಗಿ ಬಿದ್ದ. ಐದು. ಆರು. ಗೌಡ ಹಿಂದೆ ಸರಿದ, ಬೆನ್ನಿಗೆ ಶುಂಠಿಯ ರಾಶಿ ತಾಗಿತು. ಏಳು.

ಎಂಟನೆಯ ಏಟಿನ ಜಾಗ ಬಂತು. ತಮಟೆ ಸುಮ್ಮನಾಯಿತು. ಮೇಷ್ಟರು ಓಡಿಹೋದರೂ ಕ್ಯಾಮೆರಾದ ದೀಪ ಕೆಂಪಗೆ ಉರಿಯುತ್ತಲೇ ಇತ್ತು. ಹೊಳೆಯ ಕಡೆ ಜೆಸಿಬಿ ಅಗೆಯುವ ಸದ್ದು ಕೇಳುತ್ತಿತ್ತು. ರಂಗಮ್ಮ ಬಗ್ಗಿ ಹಿಡಿ ಮಣ್ಣು ಎತ್ತಿಕೊಂಡು, ಎಲ್ಲರಿಗಿಂತ ಮುಂದಾಗಿ ಗೌಡನ ಹತ್ತಿರ ನಡೆದಳು.